ಬೆಳಕಿನಲ್ಲಿ ಹಿಡಿದ ಜೀವಕೋಶ ಸುಟ್ಟುಹೋಗಲ್ವಾ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು, ಬಸವನಗುಡಿಯವನು. ಮೊಮ್ಮಗನ ಜೊತೆ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನ ಓಪನ್ ಡೇಗೆ ಹೋಗಿದ್ದೆ. ಒಂದು ಕಡೆ ಲೇಸರ್‌ನಿಂದ ಕೆಂಪು ರಕ್ತಕಣವನ್ನು ಹಿಡಿದು ಎಳೆದಾಡುವುದನ್ನು ಪರದೆಯ ಮೇಲೆ ತೋರಿಸಿದರು. ಪಕ್ಕದಲ್ಲಿ ಕೂದಲಿನಷ್ಟು ಸಣ್ಣ ಕಾಲುವೆಗಳಿದ್ದ ಒಂದು ಚಿಪ್ ಇತ್ತು. ತೂಕವೇ ಇಲ್ಲದ ಬೆಳಕು ವಸ್ತುವನ್ನು ಹೇಗೆ ಹಿಡಿಯುತ್ತದೆ? ಸ್ಲೈಡ್ ಮೇಲೆ ನೋಡುವುದು ಬಿಟ್ಟು ಆ ಕಾಲುವೆ ಯಾಕೆ? ಲೇಸರ್ ಬಿದ್ದ ಕೋಶ ಸುಟ್ಟುಹೋಗಲ್ವಾ? ಸುಡದೇ ಇದ್ದರೂ, ಹಾಗೆ ಹಿಂಸೆ ಕೊಟ್ಟು ನೋಡಿದ್ದು ಕೋಶದ ಸ್ವಭಾವವೋ, ಹಿಂಸೆಯ ಫಲವೋ? ಈ ಕೊನೆಯದನ್ನು ಮೊಮ್ಮಗ ಕೇಳಿದ. ನನಗೆ ಉತ್ತರ ತೋಚಲಿಲ್ಲ.

ಉತ್ತರ: ಮೇಷ್ಟ್ರೇ, ಆ ಕೊನೆಯ ಪ್ರಶ್ನೆ ಓದಿ ಖುಷಿಯಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಾನು 15 ವರ್ಷದಿಂದ ಕೋಶಗಳನ್ನು ಬೆಳಕಿನಲ್ಲಿ ಹಿಡಿದು ನೋಡುವ ಕೆಲಸವನ್ನೇ ಮಾಡುತ್ತಿದ್ದೇನೆ. ಲ್ಯಾಬ್‌ಗೆ ಹೊಸದಾಗಿ ಸೇರಿದವರಿಗೆ ಆ ಪ್ರಶ್ನೆ ಹೊಳೆಯಲು ಒಂದು ವರ್ಷವಾದರೂ ಬೇಕು. ನಿಮ್ಮ ಮೊಮ್ಮಗನಿಗೆ ಒಂದೇ ಮಧ್ಯಾಹ್ನ ಸಾಕಾಯಿತು.

ಮೊದಲು ಹಿಡಿಯುವ ವಿಷಯ. ಬೆಳಕಿಗೆ ತೂಕ ಇಲ್ಲ, ಸರಿ. ಆದರೆ ಸಂವೇಗ ಇದೆ. ಹಾಗಾಗಿ ಅದು ತಾಗಿದ್ದನ್ನೆಲ್ಲ ಒಂಚೂರು ತಳ್ಳುತ್ತದೆ. ಎಷ್ಟು ಅಂತ ನಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ. ಒಂದು 30-40 ಸೈಟು, ಅಷ್ಟಗಲಕ್ಕೂ ತಾರಸಿ ಹಾಕಿದ್ದಾರೆ ಅಂದುಕೊಳ್ಳಿ. ನಡುಮಧ್ಯಾಹ್ನ, ನೆತ್ತಿಯ ಮೇಲೆ ಸೂರ್ಯ. ಇಡೀ ತಾರಸಿಯ ಮೇಲೆ ಬಿಸಿಲು ಒತ್ತುವ ಬಲವನ್ನು ಕೂಡಿಸಿದರೆ ಸುಮಾರು 40 ಮಿಲಿಗ್ರಾಂ ತೂಕಕ್ಕೆ ಸಮ. ಅಂದರೆ ಎರಡು ಮೂರು ಅಕ್ಕಿಕಾಳು. ತಾರಸಿಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ.

ಈಗ ರಕ್ತಕಣದ ಕಡೆಯಿಂದ ನೋಡಿ. ಅದರ ಅಗಲ 7ರಿಂದ 8 ಮೈಕ್ರಾನ್, ದಪ್ಪ ಸುಮಾರು 2 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತೂಕ ಸುಮಾರು 1 ಪಿಕೊನ್ಯೂಟನ್, ಅಂದರೆ ಒಂದು ನ್ಯೂಟನ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲು. ನೀರು ಎತ್ತಿಹಿಡಿಯುವುದನ್ನು ಕಳೆದರೆ ಅದರಲ್ಲೂ ಹತ್ತರಲ್ಲೊಂದು ಉಳಿಯುತ್ತದೆ. ಹತ್ತು ಮಿಲಿವ್ಯಾಟ್ ಲೇಸರನ್ನು ಮೈಕ್ರೋಸ್ಕೋಪಿನ ಮಸೂರದಿಂದ ಒಂದು ಚುಕ್ಕೆಗೆ ಇಳಿಸಿದರೆ ಕೆಲವು ಪಿಕೊನ್ಯೂಟನ್ ಬಲ ಸಿಗುತ್ತದೆ. ಮೀಟಿಂಗ್‌ಗಳಲ್ಲಿ ಗೋಡೆಯ ಮೇಲೆ ಬಿಡುವ ಪಾಯಿಂಟರ್ ಇದಕ್ಕಿಂತ ಸ್ವಲ್ಪ ಕಮ್ಮಿ, ಅಷ್ಟೆ. ನಮಗೆ ಏನೂ ಅಲ್ಲದ ಬಲ ರಕ್ತಕಣದ ಪಾಲಿಗೆ ಆನೆಯ ಸೊಂಡಿಲು.

ತಳ್ಳುವುದೇನೋ ಆಯಿತು. ಹಿಡಿಯುವುದು? ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಆರ್ಥರ್ ಆಶ್ಕಿನ್ 1970ರಲ್ಲಿ ನೀರಿನಲ್ಲಿ ತೇಲುವ ಸಣ್ಣ ಗುಂಡುಗಳನ್ನು ಲೇಸರ್‌ನಿಂದ ತಳ್ಳಿ ನೋಡಿದರು. ಗುಂಡು ಮುಂದಕ್ಕೆ ಹೋಗುವುದರ ಜೊತೆಗೆ, ಪಕ್ಕದಿಂದ ಸರಿದು ಬೆಳಕಿನ ನಡುವಿಗೂ ಬರುತ್ತಿತ್ತು. ಕಾರಣ ನಿಮ್ಮ ಪಾಠದಲ್ಲೇ ಇದೆ. ಪಾರದರ್ಶಕ ಗುಂಡು ಒಂದು ಮಸೂರ. ಅದು ಲೇಸರಿನ ಎಡಗಡೆಗೆ ಸರಿದಿದೆ ಅಂತಿಟ್ಟುಕೊಳ್ಳಿ. ಆಗ ಜೋರಾದ ಬೆಳಕು ಬೀಳುವುದು ಗುಂಡಿನ ಬಲ ಅರ್ಧದ ಮೇಲೆ. ಗುಂಡು ಆ ಬೆಳಕನ್ನು ಎಡಕ್ಕೆ ಬಾಗಿಸುತ್ತದೆ. ಬೆಳಕು ಗುಂಡನ್ನು ಬಲಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮ. ಬಲಕ್ಕೆ ಅಂದರೆ ಬೆಳಕಿನ ನಡುವಿಗೆ. ಎತ್ತ ಸರಿದರೂ ಇದೇ ಕಥೆ. 1986ರಲ್ಲಿ ಆಶ್ಕಿನ್ ತಂಡ ಒಂದೇ ಕಿರಣವನ್ನು ಬಿಗಿಯಾಗಿ ಫೋಕಸ್ ಮಾಡಿ, ಹಿಂದೆ ಮುಂದೆಯೂ ಜಗ್ಗದಂತೆ ಗುಂಡನ್ನು ನಿಲ್ಲಿಸಿತು. ಅದೇ ಆಪ್ಟಿಕಲ್ ಟ್ವೀಜರ್ಸ್. ನಾವು ಲ್ಯಾಬ್‌ನಲ್ಲಿ ಸುಮ್ನೆ ‘ಟ್ರ್ಯಾಪ್’ ಅನ್ನುತ್ತೇವೆ. 2018ರಲ್ಲಿ ನೊಬೆಲ್ ಬಂದಾಗ ಅವರಿಗೆ 96 ವರ್ಷ.

ಇದೆಲ್ಲ ನಡೆಯಬೇಕಾದರೆ ಹಿಡಿಯುವ ವಸ್ತು ಸುತ್ತಲಿನ ನೀರಿಗಿಂತ ಬೆಳಕನ್ನು ಜಾಸ್ತಿ ಬಾಗಿಸಬೇಕು. ಗಾಳಿಗುಳ್ಳೆ ಕಮ್ಮಿ ಬಾಗಿಸುತ್ತದೆ. ಹಾಗಾಗಿ ಟ್ರ್ಯಾಪ್ ಅದನ್ನು ಹಿಡಿಯಲ್ಲ, ಹೊರಗೆ ದಬ್ಬುತ್ತದೆ. ಗಾಳಿಗುಳ್ಳೆಯ ಮೇಲೆ ನನಗೆ ಹಳೇ ದ್ವೇಷ ಇದೆ, ಆಮೇಲೆ ಹೇಳುತ್ತೇನೆ.

ಸುಟ್ಟುಹೋಗಲ್ವಾ ಅಂದಿರಿ. ಆಶ್ಕಿನ್‌ಗೂ ಇದೇ ಆಯಿತು. 1987ರಲ್ಲಿ ಅವರು ಬ್ಯಾಕ್ಟೀರಿಯಾ ಹಿಡಿಯಲು ಹೋದಾಗ ಕೈಯಲ್ಲಿದ್ದದ್ದು ಹಸಿರು ಲೇಸರ್. ಹಿಡಿದ ಬ್ಯಾಕ್ಟೀರಿಯಾ ಅಲ್ಲೇ ಸತ್ತವು. ಆಮೇಲೆ 1064 ನ್ಯಾನೊಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್‌ಗೆ ಬದಲಾಯಿಸಿದರು. ಆಗ ಟ್ರ್ಯಾಪಿನೊಳಗೇ ಕೋಶಗಳು ಬದುಕಿದವು, ವಿಭಜನೆಯಾಗಿ ಎರಡಾದವು. ಕೋಶದೊಳಗಿನ ಬಣ್ಣದ ಅಣುಗಳು ಹಸಿರು, ನೀಲಿ ಬೆಳಕನ್ನು ಗಬಕ್ಕನೆ ಹೀರುತ್ತವೆ. ಇನ್‌ಫ್ರಾರೆಡ್ ಬಹುಮಟ್ಟಿಗೆ ಹಾಯ್ದು ಹೋಗುತ್ತದೆ. ಸುತ್ತಲಿನ ನೀರು ಮಾತ್ರ ಸ್ವಲ್ಪ ಹೀರುತ್ತದೆ. 1064ರಲ್ಲಿ 100 ಮಿಲಿವ್ಯಾಟ್ ಬಿಟ್ಟರೆ ಹಿಡಿದ ಜಾಗ ಸುಮಾರು 1 ಡಿಗ್ರಿ ಬಿಸಿಯಾಗುತ್ತದೆ. ಒಂದು ಡಿಗ್ರಿ ಅಂದರೆ ಮೈ ಬೆಚ್ಚಗಾದ ಹಾಗೆ. ಬೇಯುವುದಿಲ್ಲ.

ಹಾಗಾದರೆ ಚಿಂತೆ ಇಲ್ಲ ಅಂದುಕೊಳ್ಳಬೇಡಿ. ಬಿಸಿ ಅಲ್ಲದ ಇನ್ನೊಂದು ಹಾನಿ ಇದೆ. ಬೆಳಕು ಹೀರಿದ ಅಣು ಪಕ್ಕದ ಆಕ್ಸಿಜನ್ನನ್ನು ಕೆರಳಿಸುತ್ತದೆ. ಆ ಆಕ್ಸಿಜನ್ ಸಿಕ್ಕಸಿಕ್ಕ ಪ್ರೋಟೀನನ್ನು ಕಚ್ಚುತ್ತದೆ. 1999ರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾವನ್ನು ಬೇರೆ ಬೇರೆ ತರಂಗಾಂತರದಲ್ಲಿ ಹಿಡಿದು ನೋಡಿದ ತಂಡಕ್ಕೆ ಸ್ವಾರಸ್ಯದ ಫಲಿತಾಂಶ ಸಿಕ್ಕಿತು. 870 ಮತ್ತು 930 ನ್ಯಾನೊಮೀಟರ್‌ನಲ್ಲಿ ಹಾನಿ ಅತಿ ಹೆಚ್ಚು. 830 ಮತ್ತು 970ರಲ್ಲಿ ಅತಿ ಕಮ್ಮಿ. ನೀರಿನಿಂದ ಆಕ್ಸಿಜನ್ ತೆಗೆದುಬಿಟ್ಟರೆ ಹಾನಿ ಇನ್ನೂ ಇಳಿಯಿತು. ಬರೀ ಬಿಸಿಯೇ ಕಾರಣ ಆಗಿದ್ದರೆ ಆಕ್ಸಿಜನ್ ಇದ್ದರೇನು, ಬಿಟ್ಟರೇನು?

ಅದಕ್ಕೇ ಸಾಧ್ಯವಾದಾಗ ಕೋಶವನ್ನು ನೇರವಾಗಿ ಹಿಡಿಯುವುದಿಲ್ಲ. ಅದರ ಎರಡು ಬದಿಗೆ ಎರಡು ಗಾಜಿನ ಗುಂಡು ಅಂಟಿಸಿ, ಬೆಳಕಿನಲ್ಲಿ ಗುಂಡುಗಳನ್ನು ಹಿಡಿದು ಎಳೆಯುತ್ತೇವೆ. ಬಿಸಿ ಬಾಣಲೆಯನ್ನು ಇಕ್ಕಳದಲ್ಲಿ ಹಿಡಿದ ಹಾಗೆ, ಆದರೆ ಇಲ್ಲಿ ಕಾಪಾಡುತ್ತಿರುವುದು ನಮ್ಮ ಕೈಯನ್ನಲ್ಲ, ಬಾಣಲೆಯನ್ನು. ಮಲೇರಿಯಾ ಪರೋಪಜೀವಿ ಹೊಕ್ಕ ರಕ್ತಕಣ ಎಷ್ಟು ಬಿರುಸಾಗುತ್ತದೆ ಅಂತ ಹೀಗೆಯೇ ಎಳೆದು ಅಳೆದಿದ್ದಾರೆ. ಆರೋಗ್ಯವಾದ ಕಣ ತನಗಿಂತ ಸಣ್ಣ ರಕ್ತನಾಳದಲ್ಲಿ ಮಡಚಿಕೊಂಡು ನುಸುಳುತ್ತದೆ. ಬಿರುಸಾದದ್ದು ಸಿಕ್ಕಿಕೊಳ್ಳುತ್ತದೆ.

ಒಂದು ವಿಷಯ ಜನಕ್ಕೆ ಗೊತ್ತಿರಲ್ಲ. ಹಿಡಿಯುವ ಲೇಸರ್‌ಗಿಂತ ನೋಡುವ ದೀಪವೇ ಎಷ್ಟೋ ಸಲ ಜಾಸ್ತಿ ಕೇಡು ಮಾಡುತ್ತದೆ. ಕೋಶದ ಭಾಗಗಳು ಹೊಳೆಯುವಂತೆ ಬಣ್ಣ ಹಾಕಿ, ನೀಲಿ ಬೆಳಕು ಬಿಟ್ಟು, ಗಂಟೆಗಟ್ಟಲೆ ಫೋಟೋ ತೆಗೆಯುತ್ತೇವಲ್ಲ, ಅದು. ನಮ್ಮಲ್ಲೇ ಆದದ್ದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಕೋಶಗಳು ಚಿಪ್‌ನಲ್ಲಿ ತೆವಳುತ್ತಾ ತೆವಳುತ್ತಾ ಅರ್ಧ ಗಂಟೆಗೆ ನಿಧಾನವಾಗುತ್ತಿದ್ದವು. ಪ್ರತಿ ಸಲವೂ ಅರ್ಧ ಗಂಟೆಗೇ. ಏನೋ ದೊಡ್ಡದು ಸಿಕ್ಕಿತು ಅಂತ ಲ್ಯಾಬ್‌ನಲ್ಲಿ ಮೈಸೂರ್ ಪಾಕ್ ಹಂಚಿದ್ದೂ ಆಯಿತು. ಒಬ್ಬ ವಿದ್ಯಾರ್ಥಿನಿ, ‘ಸರ್, ದೀಪ ಅರ್ಧಕ್ಕೆ ಇಳಿಸಿ ನೋಡಲಾ?’ ಅಂದಳು. ಇಳಿಸಿದಳು. ಅರ್ಧ ಗಂಟೆ ಇದ್ದದ್ದು ಒಂದು ಗಂಟೆ ಆಯಿತು. ದೀಪವನ್ನು ಹತ್ತರಲ್ಲೊಂದು ಮಾಡಿ, ಫೋಟೋಗಳ ನಡುವೆ ಬಿಡುವು ಕೊಟ್ಟರೆ ಕೋಶ ನಿಲ್ಲಲೇ ಇಲ್ಲ. ಮೂರು ತಿಂಗಳು ನಾವು ಅಳೆದದ್ದು ಕೋಶವನ್ನಲ್ಲ, ನಮ್ಮ ದೀಪವನ್ನು.

ನಿಮ್ಮ ಮೊಮ್ಮಗನಿಗೆ ಉತ್ತರ ಇಲ್ಲಿದೆ. ಹಿಂಸೆಯ ಫಲವೋ ಅಲ್ಲವೋ ಅಂತ ಯೋಚಿಸಿ ಕಂಡುಹಿಡಿಯಲು ಆಗಲ್ಲ, ಹಿಂಸೆಯನ್ನು ಕಮ್ಮಿ ಜಾಸ್ತಿ ಮಾಡಿ ನೋಡಬೇಕು. ಲೇಸರ್ ಅರ್ಧ ಮಾಡಿದಾಗ ಉತ್ತರ ಬದಲಾದರೆ ಅದು ಲೇಸರಿನ ಉತ್ತರ. ಅದೇ ಚಿಪ್‌ನಲ್ಲಿ, ಅದೇ ಹೊತ್ತು, ಮುಟ್ಟದೇ ಬಿಟ್ಟ ಕೋಶಗಳೂ ಇರಬೇಕು. ಹಿಡಿದು ಎಳೆಯದೇ ಬಿಟ್ಟವೂ ಇರಬೇಕು. ಮರುದಿನ ಬಂದು ಯಾವ್ಯಾವುದು ವಿಭಜನೆಯಾಗಿ ಎರಡಾಗಿದೆ ಎಂದು ನೋಡಬೇಕು. ಬೇಸರದ ಕೆಲಸ. ಆದರೆ ಯಾರಾದರೂ ಹೊಸ ಫಲಿತಾಂಶ ತಂದರೆ ನಾನು ಮೊದಲು ಓದುವುದು ಈ ಮುಟ್ಟದ ಕೋಶಗಳ ಕಥೆಯನ್ನೇ. ಅದು ಇಲ್ಲದಿದ್ದರೆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಪಕ್ಕಕ್ಕಿಡುತ್ತೇನೆ.

ಇನ್ನು ಕಾಲುವೆ. ಸ್ಲೈಡ್ ಮೇಲೆ ಒಂದು ಹನಿ ಇಟ್ಟು ನೋಡಿದರೆ ಏನು ತೊಂದರೆ? ಹನಿ ಒಣಗುತ್ತದೆ, ಉಪ್ಪು ಗಟ್ಟಿಯಾಗುತ್ತದೆ, ಕೋಶಗಳು ಇದ್ದ ಆಹಾರ ತಿಂದು ಅಲ್ಲೇ ಕಸ ಬಿಡುತ್ತವೆ. ಹತ್ತು ನಿಮಿಷದ ಮೇಲೆ ನೀವು ನೋಡುತ್ತಿರುವುದು ಬೇರೆಯೇ ಹನಿ. ಕಾಲುವೆಯಲ್ಲಿ ಹೊಸ ನೀರು ನಿಧಾನವಾಗಿ ಬರುತ್ತಲೇ ಇರುತ್ತದೆ. ದಿನಗಟ್ಟಲೆ ಕೋಶಕ್ಕೆ ಹೊರಗಿನ ಲೋಕ ಬದಲಾದದ್ದೇ ಗೊತ್ತಾಗುವುದಿಲ್ಲ. ಬದಲಾಯಿಸಬೇಕಾದರೆ ಒಂದು ಕ್ಷಣದಲ್ಲಿ ಬದಲಾಯಿಸಬಹುದು.

ಅಷ್ಟು ಸಣ್ಣ ಕಾಲುವೆಯಲ್ಲಿ ನೀರಿನ ಗುಣವೇ ಬೇರೆ. ಮನೆಯಲ್ಲಿ ಹಾಲಿಗೆ ಡಿಕಾಕ್ಷನ್ ಹಾಕಿದರೆ ಸುಳಿ ಎದ್ದು ಬೆರೆಯುತ್ತದೆ. 100 ಮೈಕ್ರಾನ್ ಅಗಲದ ಕಾಲುವೆಯಲ್ಲಿ ಸೆಕೆಂಡಿಗೆ ಒಂದು ಮಿಲಿಮೀಟರ್ ಹರಿವಿದ್ದರೆ, ಹರಿವಿನ ರಭಸ ನೀರಿನ ಅಂಟುತನಕ್ಕಿಂತ ಎಷ್ಟು ಜೋರು ಅಂತ ಹೇಳುವ ರೆನಾಲ್ಡ್ಸ್ ಸಂಖ್ಯೆ 0.1. ಕೊಳವೆಯಲ್ಲಿ ಸುಳಿ ಏಳಲು ಅದು ಸುಮಾರು 2000 ದಾಟಬೇಕು. ಹಾಗಾಗಿ ಕೆಂಪು ನೀರು, ನೀಲಿ ನೀರು ಎರಡನ್ನೂ ಒಟ್ಟಿಗೆ ಬಿಟ್ಟರೆ ಅಕ್ಕಪಕ್ಕದಲ್ಲೇ ಹರಿಯುತ್ತವೆ, ನಡುವೆ ಗೆರೆ ಎಳೆದ ಹಾಗೆ. ಅಣುಗಳು ತಾವಾಗಿಯೇ ಮೆಲ್ಲಗೆ ಅತ್ತಿಂದಿತ್ತ ಹೋಗಿ ಬೆರೆಯಬೇಕು. ಕಾಲುವೆಯ ಅಗಲ ದಾಟಲು ಐದು ಹತ್ತು ಸೆಕೆಂಡ್ ಬೇಕು. ಅಷ್ಟರಲ್ಲಿ ನೀರು ಒಂದು ಸೆಂಟಿಮೀಟರ್‌ನಷ್ಟು ಮುಂದೆ ಹೋಗಿರುತ್ತದೆ. ಈ ಗೆರೆಯ ಮೇಲೆ ಒಂದು ಕೋಶ ಕೂರಿಸಿದರೆ, ಅದರ ಎಡ ಅರ್ಧಕ್ಕೆ ಔಷಧಿ, ಬಲ ಅರ್ಧಕ್ಕೆ ಬರೀ ನೀರು ತಾಗಿಸಬಹುದು. ಯಾವ ಪಿಪೆಟ್‌ನಿಂದ ಇದನ್ನು ಮಾಡುತ್ತೀರಿ?

ಬ್ಯಾಕ್ಟೀರಿಯಾಕ್ಕಂತೂ ಹುಟ್ಟಿನಿಂದ ಇದೇ ಲೋಕ. ಅದರ ಗಾತ್ರಕ್ಕೆ ನೀರು ಅಂದರೆ ಎಳೆ ಬಂದ ಬೆಲ್ಲದ ಪಾಕ. ಈಜುವುದು ನಿಲ್ಲಿಸಿದರೆ ಅದು ಒಂದು ಅಣುವಿನ ಅಗಲದಷ್ಟೂ ಜಾರದೆ ನಿಂತುಬಿಡುತ್ತದೆ ಎಂದು ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1970ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದರು.

ಚಿಪ್ ಮಾಡುವುದು ನೋಡಿದರೆ ನಿಮ್ಮ ಮನೆಯವರಿಗೆ ಇದೇನು ಅಡುಗೆ ಅನ್ನಿಸಬಹುದು. ಮೊದಲು ಸಿಲಿಕಾನ್ ವೇಫರ್, ಅಂದರೆ ತೆಳುವಾದ ಬಿಲ್ಲೆಯ ಮೇಲೆ ಅಚ್ಚು. ಅದಕ್ಕೂ ಬೆಳಕೇ ಬೇಕು: ಬೆಳಕು ಬಿದ್ದ ಕಡೆ ಗಟ್ಟಿಯಾಗುವ ರಾಳ ಸವರಿ, ಕಾಲುವೆಯ ಚಿತ್ರದ ಮೂಲಕ ಅತಿನೇರಳೆ ಬೆಳಕು ಬಿಡುತ್ತಾರೆ. ಇದನ್ನು ಧೂಳು ಬಾರದಂತೆ ಕಾದ ಕ್ಲೀನ್ ರೂಮ್‌ನಲ್ಲೇ ಮಾಡಬೇಕು. ಟಾಟಾ ಇನ್‌ಸ್ಟಿಟ್ಯೂಟ್‌ನ ನ್ಯಾನೊ ಕೇಂದ್ರದಲ್ಲಿ ಅಂಥದ್ದಿದೆ, ಹೊರಗಿನ ಕಾಲೇಜಿನವರೂ ಅರ್ಜಿ ಹಾಕಿ ಬಳಸಬಹುದು. ಒಳಗೆಲ್ಲ ಹಳದಿ ದೀಪ, ಯಾಕೆಂದರೆ ಬಿಳಿ ದೀಪದಲ್ಲಿರುವ ನೀಲಿಗೆ ರಾಳ ಗಟ್ಟಿಯಾಗಿಬಿಡುತ್ತದೆ.

ಅಚ್ಚು ಸಿಕ್ಕ ಮೇಲೆ ಉಳಿದದ್ದು ಸಾಧಾರಣ ಲ್ಯಾಬ್‌ನಲ್ಲೇ ಆಗುತ್ತದೆ. ಪಿ.ಡಿ.ಎಂ.ಎಸ್ ಅನ್ನುವ ಸಿಲಿಕೋನ್, ಬಚ್ಚಲಮನೆಯ ಸಂದಿಗೆ ಹಚ್ಚುವ ಸಿಲಿಕೋನಿನ ದೊಡ್ಡಪ್ಪನ ಮಗ. ಹತ್ತು ಪಾಲಿಗೆ ಒಂದು ಪಾಲು ಹೆಪ್ಪು, ಅಂದರೆ ಅದನ್ನು ಗಟ್ಟಿ ಮಾಡುವ ದ್ರವ, ಬೆರೆಸಿ ಚೆನ್ನಾಗಿ ಕದಡಬೇಕು. ಹರಳೆಣ್ಣೆಯ ಹದ. ವ್ಯಾಕ್ಯೂಮ್‌ನಲ್ಲಿಟ್ಟು ಗುಳ್ಳೆ ತೆಗೆದು, ಅಚ್ಚಿನ ಮೇಲೆ ಸುರಿದು, ಓವನ್‌ನಲ್ಲಿ ಒಂದೆರಡು ಗಂಟೆ. ಆಮೇಲೆ ತಟ್ಟೆಯಿಂದ ಹಾಲುಬಾಯಿ ಬಿಡಿಸಿದ ಹಾಗೆ ಕೊಯ್ದು ಎತ್ತಬೇಕು. ಕೆಳಮುಖದಲ್ಲಿ ಕಾಲುವೆ ಮೂಡಿರುತ್ತದೆ. ತೂತು ಕೊರೆದು, ಗಾಜಿನ ಜೊತೆ, ವಿದ್ಯುತ್ತಿನಿಂದ ಅನಿಲವನ್ನು ಹೊಳೆಯಿಸುವ ಪ್ಲಾಸ್ಮಾ ಯಂತ್ರದಲ್ಲಿ ಒಂದು ನಿಮಿಷ ಇಟ್ಟರೆ ನೇರಳೆ ಬಣ್ಣ ಮಿನುಗುತ್ತದೆ. ಹೊರತೆಗೆದು ಗಾಜಿಗೆ ಒತ್ತಿದರೆ ಮತ್ತೆ ಬಿಡುವ ಮಾತಿಲ್ಲ. ಈ ವಿಧಾನವನ್ನು ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ 1998ರಲ್ಲಿ ಬಳಕೆಗೆ ತಂದಿತು. ಅಲ್ಲಿಂದ ಇದು ಶ್ರೀಮಂತ ಲ್ಯಾಬ್‌ಗಳ ಸ್ವತ್ತಾಗಿ ಉಳಿಯಲಿಲ್ಲ.

ಅಂಟಿಸಿದ ತಕ್ಷಣ ಕಾಲುವೆಗೆ ನೀರು ತುಂಬಬೇಕು. ಆಗ ಗೋಡೆ ನೀರನ್ನು ಇಷ್ಟಪಡುತ್ತದೆ. ನಾಳೆ ಅಂತ ಬಿಟ್ಟರೆ ಮತ್ತೆ ತಾವರೆ ಎಲೆಯಂತಾಗಿ ನೀರನ್ನು ದೂರ ಇಡುತ್ತದೆ. ಆಗ ಮೂಲೆಯಲ್ಲಿ ಗಾಳಿ ಉಳಿಯುತ್ತದೆ. ಹಳೇ ದ್ವೇಷ ಅಂದೆನಲ್ಲ. ಒಂದು ಶನಿವಾರ ಎರಡು ದಿನದ ಪ್ರಯೋಗ ಹೂಡಿ ಮನೆಗೆ ಹೋದೆ. ಫ್ರಿಜ್‌ನಿಂದ ತೆಗೆದ ತಣ್ಣನೆ ದ್ರಾವಣವನ್ನು ನೇರ ಸಿರಿಂಜ್‌ಗೆ ತುಂಬಿದ್ದೆ. 37 ಡಿಗ್ರಿಯ ಚಿಪ್‌ಗೆ ಬಂದಾಗ ಅದರಲ್ಲಿ ಕರಗಿದ್ದ ಗಾಳಿ ಹೊರಬಂತು. ಪಾತ್ರೆಯಲ್ಲಿ ನೀರು ಕಾಯಿಸುವಾಗ ತಳದಲ್ಲಿ ಸಣ್ಣ ಗುಳ್ಳೆ ಕೂರುತ್ತವಲ್ಲ, ಅದೇ. ಸೋಮವಾರ ಬಂದು ವೀಡಿಯೊ ಓಡಿಸಿದೆ. ಭಾನುವಾರ ಬೆಳಗಿನ ಜಾವ ಒಂದೇ ಒಂದು ಗುಳ್ಳೆ ಪರದೆಯ ಎಡದಿಂದ ಬಂದು, ಕಸ ಗುಡಿಸಿದ ಹಾಗೆ ಎಲ್ಲ ಕೋಶಗಳನ್ನೂ ತಳ್ಳಿಕೊಂಡು ಬಲಕ್ಕೆ ಹೋಯಿತು. ಎರಡು ಸೆಕೆಂಡ್. ಉಳಿದ 30 ಗಂಟೆ ಖಾಲಿ ಕಾಲುವೆಯ ಚಿತ್ರ. ಈಗ ದ್ರಾವಣವನ್ನು ಹಿಂದಿನ ರಾತ್ರಿಯೇ ಬೆಚ್ಚಗಿಡುತ್ತೇನೆ.

ಇಷ್ಟು ಪಾಡು ಯಾಕೆ? ಸರಾಸರಿ ಸುಳ್ಳು ಹೇಳುತ್ತದೆ, ಅದಕ್ಕೆ. ಬ್ಯಾಕ್ಟೀರಿಯಾಕ್ಕೆ ಆ್ಯಂಟಿಬಯಾಟಿಕ್ ಹಾಕಿದರೆ ಬಹುಪಾಲು ಸಾಯುತ್ತವೆ, ಬೆರಳೆಣಿಕೆಯಷ್ಟು ಉಳಿಯುತ್ತವೆ. ಇದು 1944ರಿಂದಲೂ ಗೊತ್ತಿತ್ತು. ಉಳಿದವು ಔಷಧಿ ಬಿದ್ದ ಮೇಲೆ ಗಟ್ಟಿಯಾದವೋ, ಮೊದಲೇ ಬೇರೆ ಥರ ಇದ್ದವೋ? ಟೆಸ್ಟ್ ಟ್ಯೂಬ್‌ನಲ್ಲಿ ಇದು ತಿಳಿಯಲ್ಲ, ಉಳಿದದ್ದು ಯಾವುದು ಅಂತ ಗೊತ್ತಾಗುವ ಹೊತ್ತಿಗೆ ಅದರ ಹಿಂದಿನ ಕಥೆ ಕಳೆದುಹೋಗಿರುತ್ತದೆ. 2004ರಲ್ಲಿ ವಿಜ್ಞಾನಿ ನಥಾಲಿ ಬಾಲಬಾನ್ ಮತ್ತು ಜೊತೆಗಾರರು ಸಣ್ಣ ಕಾಲುವೆಗಳಲ್ಲಿ ಒಂದೊಂದೇ ಕೋಶವನ್ನು ಸಾಲಾಗಿ ಕೂರಿಸಿ ಮೊದಲಿನಿಂದ ವೀಡಿಯೊ ಮಾಡಿದರು. ಔಷಧಿ ಕೊಟ್ಟು, ಬದುಕಿದ್ದನ್ನು ಗುರುತಿಸಿ, ವೀಡಿಯೊ ಹಿಂದಕ್ಕೆ ಓಡಿಸಿದರು. ಬದುಕಿದ ಕೋಶಗಳು ಔಷಧಿ ಬರುವ ಮೊದಲೇ ಬೆಳೆಯುವುದನ್ನು ನಿಲ್ಲಿಸಿ ಮಲಗಿದ್ದವು! ನನಗೆ ಈ ಕ್ಷೇತ್ರದಲ್ಲಿ ಅತ್ಯಂತ ಇಷ್ಟದ ಪ್ರಯೋಗ ಇದು.

ನಮ್ಮ ಕಡೆಗೆ ಹತ್ತಿರದ್ದು ಸಿಕಲ್ ಸೆಲ್ ಕಾಯಿಲೆ. ಚಾಮರಾಜನಗರ, ಮೈಸೂರು ಕಡೆಯ ಆದಿವಾಸಿ ಸಮುದಾಯಗಳಲ್ಲಿ ಇದಿದೆ. ಆಕ್ಸಿಜನ್ ಕಮ್ಮಿಯಾದಾಗ ಕಾಯಿಲೆ ಇದ್ದವರ ಹಿಮೋಗ್ಲೋಬಿನ್ ನಾರಿನಂತೆ ಹೆಣೆದುಕೊಂಡು ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗುತ್ತದೆ. ಪಿ.ಡಿ.ಎಂ.ಎಸ್ ಗೋಡೆಯ ಮೂಲಕ ಗಾಳಿ ಹಾಯುತ್ತದೆ. ಹಾಗಾಗಿ ಪಕ್ಕದ ಕಾಲುವೆಯಲ್ಲಿ ನೈಟ್ರೋಜನ್ ಬಿಟ್ಟು, ರಕ್ತ ಹರಿಯುತ್ತಿರುವಾಗಲೇ ಆಕ್ಸಿಜನ್ ಇಳಿಸಿ, ಕಣ ಯಾವಾಗ ಬಾಗಿತು, ಎಲ್ಲಿ ಸಿಕ್ಕಿಕೊಂಡಿತು ಎಂದು ನೋಡಬಹುದು. ಕಾಯಿಲೆ ಇದೆಯೋ ಇಲ್ಲವೋ ಅಂತ ತಿಳಿಯಲು ಇದು ಬೇಕಿಲ್ಲ, ಅದಕ್ಕೆ ಅಗ್ಗದ ರಕ್ತಪರೀಕ್ಷೆಗಳಿವೆ. ಔಷಧಿ ಕೊಟ್ಟ ಮೇಲೆ ಬಾಗುವುದು ತಡವಾಯಿತೇ ಅನ್ನುವುದಕ್ಕೆ ಬೇಕು.

‘ಒಂದು ಹನಿ ರಕ್ತದಲ್ಲಿ ಎಲ್ಲ ಪರೀಕ್ಷೆ’ ಅನ್ನುವ ಜಾಹೀರಾತು ಕಂಡರೆ ಮಾತ್ರ ನನಗೆ ಅನುಮಾನ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳಿರುತ್ತವೆ. ನೀವು ಹುಡುಕುವ ಕೋಶ ಅಷ್ಟರಲ್ಲಿ ಒಂದೇ ಇದ್ದರೆ, ಅದರ ನೂರನೇ ಒಂದು ಪಾಲಿನ ಹನಿಯಲ್ಲಿ ಅದು ಇರುವ ಸಂಭವ ನೂರಕ್ಕೆ ಒಂದು. ಹನಿಯಲ್ಲಿ ಇಲ್ಲದ್ದನ್ನು ಯಾವ ಚಿಪ್ಪೂ ಹುಡುಕಿಕೊಡಲ್ಲ.

ಬೆಳಕನ್ನು ಕೈಯಾಗಿ ಅಲ್ಲದೆ ಸ್ವಿಚ್ಚಾಗಿಯೂ ಬಳಸುತ್ತಾರೆ. ಕೊಳದ ನೀರಿನ ಒಂದು ಹಸಿರು ಪಾಚಿಗೆ ಬೆಳಕು ಕಂಡರೆ ತೆರೆದುಕೊಳ್ಳುವ ಪ್ರೋಟೀನ್ ಬಾಗಿಲಿದೆ. ಅದರ ಜೀನನ್ನು ನರಕೋಶಕ್ಕೆ ಸೇರಿಸಿ, ನೀಲಿ ಬೆಳಕು ಬಿಟ್ಟರೆ ನರ ಮಿಡಿಯುವುದನ್ನು 2005ರಲ್ಲಿ ತೋರಿಸಿದರು. ಅದಕ್ಕೆ ಬೇರೆಯೇ ಉತ್ತರ ಬರೆಯಬೇಕು.

ಮೊಮ್ಮಗನಿಗೆ ಮನೆಯಲ್ಲೇ ಒಂದು ಕೆಲಸ ಕೊಡಿ. ಲಾಲ್‌ಬಾಗ್ ಕೆರೆಯ ಅಂಚಿನ ನೀರು, ಇಲ್ಲವೇ ನಾಲ್ಕು ದಿನ ಬದಲಾಯಿಸದ ಹೂದಾನಿಯ ನೀರು ತನ್ನಿ. ಸೂಜಿ ಇಲ್ಲದ ಸಿರಿಂಜ್‌ಗೆ ತುಂಬಿ, ತುದಿಯಲ್ಲಿ ಒಂದು ಹನಿ ಬೀಳದೆ ನೇತಾಡುವಂತೆ ನಿಲ್ಲಿಸಿ. ಕೋಣೆ ಕತ್ತಲೆ ಮಾಡಿ, ಕಮ್ಮಿ ಶಕ್ತಿಯ ಕೆಂಪು ಲೇಸರ್ ಪಾಯಿಂಟರನ್ನು ಪುಸ್ತಕಗಳ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಕೂರಿಸಿ, ಹನಿಯ ನಡುವಿಗೆ ಬಿಡಿ. ಅಗ್ಗದ ಹಸಿರು ಪಾಯಿಂಟರ್ ಬೇಡ, ಅವು ಲೇಬಲ್‌ನಲ್ಲಿ ಬರೆದದ್ದಕ್ಕಿಂತ ಜೋರಾಗಿರುತ್ತವೆ. ಕಿರಣದ ದಾರಿಯಲ್ಲಿ ಯಾರ ಕಣ್ಣೂ, ಕನ್ನಡಿಯೂ ಇರಬಾರದು. ಎದುರು ಗೋಡೆ ಎರಡು ಮೀಟರ್ ದೂರ ಇರಲಿ. ಹನಿಯೇ ಮಸೂರ. ಗೋಡೆಯ ಮೇಲೆ ದೊಡ್ಡ ಕೆಂಪು ವೃತ್ತ ಮೂಡಿ, ಅದರೊಳಗೆ ಸುತ್ತಲೂ ಬಳೆಗಳಿರುವ ನೆರಳುಗಳು ಓಡಾಡುತ್ತವೆ. ಹತ್ತು ನಿಮಿಷ ಬಿಟ್ಟು ಅವು ಎಷ್ಟು ಚುರುಕಾಗಿವೆ ಎಂದು ಬರೆದುಕೊಳ್ಳಲಿ. ಆಮೇಲೆ ಅದೇ ನೀರಿನ ಇನ್ನೊಂದು ಹನಿಯನ್ನು ಹತ್ತು ನಿಮಿಷ ಕತ್ತಲಲ್ಲೇ ನೇತುಹಾಕಿ, ಕೊನೆಯಲ್ಲಿ ಮಾತ್ರ ಬೆಳಕು ಬಿಟ್ಟು ಎಣಿಸಲಿ. ಎರಡು ಲೆಕ್ಕವೂ ಬಂದಾಗ ನನಗೆ ಬರೆಯಲು ಹೇಳಿ.